ಬಾಕಿ ವಸೂಲಿಗೆ ವೇತನ ಜಪ್ತಿ: ವರ್ತಕರು ಅರಿಯಬೇಕಾದ ಮಿತಿಗಳು

ಉದ್ದರಿ ಬಾಕಿಗಾಗಿ ದಾವೆ ಹೂಡಿ ಡಿಕ್ರಿ ಪಡೆಯುವುದು ಅರ್ಧ ಕೆಲಸ ಮಾತ್ರ. ಡಿಕ್ರಿಯಂತೆ ಹಣ ವಸೂಲಾಗುವುದು ಉಳಿದರ್ಧ. ಸಾಲಗಾರನು ಸಂಬಳದಾರನಾಗಿದ್ದಲ್ಲಿ ಅವನ ವೇತನವನ್ನು ಜಪ್ತಿ ಮಾಡಿಸಬಹುದು. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ಈ ಮಾರ್ಗಕ್ಕೆ ಮೊತ್ತದ ಮಿತಿಯನ್ನೂ ಕಾಲದ ಮಿತಿಯನ್ನೂ ವಿಧಿಸಿದೆ.

ಎಷ್ಟು ಜಪ್ತಿಯಾಗುತ್ತದೆ?

ಸಂಹಿತೆಯ 60ನೇ ಕಲಮಿನಂತೆ ಮಾಸಿಕ ವೇತನದ ಮೊದಲ 1,000 ರೂಪಾಯಿ ಹಾಗೂ ಉಳಿದುದರ ಮೂರನೇ ಎರಡು ಭಾಗ ಜಪ್ತಿಗೆ ಒಳಪಡುವುದಿಲ್ಲ. ಜೀವನಾಂಶದ ಡಿಕ್ರಿಗೆ ಮಾತ್ರ ಬೇರೆ ಲೆಕ್ಕವಿದೆ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಗೆ ಸಂಪೂರ್ಣ ರಕ್ಷಣೆಯಿದೆ.

ಉದಾಹರಣೆಗೆ, ಚಿಲ್ಲರೆ ಅಂಗಡಿ ಮುಚ್ಚಿ ಕಾರ್ಖಾನೆಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನ ಮೇಲೆ ಸಗಟು ವರ್ತಕರಿಗೆ 3,00,000 ರೂಪಾಯಿಯ ಡಿಕ್ರಿಯಾಗಿದೆ. ಜಪ್ತಿಗೆ ಲೆಕ್ಕ ಹಿಡಿಯಬೇಕಾದ ಅವನ ವೇತನ 25,000 ರೂಪಾಯಿ ಎಂದಿಟ್ಟುಕೊಳ್ಳೋಣ. 1,000 ಕಳೆದರೆ 24,000. ಅದರ ಮೂರನೇ ಒಂದು ಭಾಗವಾದ 8,000 ರೂಪಾಯಿ ಮಾತ್ರ ಪ್ರತಿ ತಿಂಗಳು ಜಪ್ತಿಯಾಗುತ್ತದೆ.

ಎಷ್ಟು ಕಾಲ?

ಒಂದೇ ಡಿಕ್ರಿಗಾಗಿ ಸತತವಾಗಿಯಾಗಲಿ, ಬಿಟ್ಟುಬಿಟ್ಟಾಗಲಿ ಒಟ್ಟು 24 ತಿಂಗಳು ಜಪ್ತಿ ನಡೆದ ಬಳಿಕ ಆ ಡಿಕ್ರಿಯ ಮಟ್ಟಿಗೆ ವೇತನವು ಶಾಶ್ವತವಾಗಿ ಮುಕ್ತವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಬರುವುದು 1,92,000 ರೂಪಾಯಿ. ಬಡ್ಡಿ, ಖರ್ಚು ಬಿಟ್ಟರೂ ಉಳಿಯುವ 1,08,000 ರೂಪಾಯಿಗೆ ಸಾಲಗಾರನ ಬೇರೆ ಆಸ್ತಿಯನ್ನೇ ಅರಸಬೇಕು. ಆದುದರಿಂದ ನಿವೇಶನ, ಬ್ಯಾಂಕ್ ಖಾತೆ ಮುಂತಾದವುಗಳ ವಿವರವನ್ನು ಉದ್ದರಿ ಕೊಡುವಾಗಲೇ ಪಡೆದಿಡುವುದು ಲೇಸು. ಡಿಕ್ರಿಯ ಅಮಲ್ಜಾರಿಗೆ ಸಾಮಾನ್ಯವಾಗಿ 12 ವರ್ಷಗಳ ಅವಧಿಯಿದೆಯೆಂದು ಸುಮ್ಮನೆ ಕೂರುವುದು ತರವಲ್ಲ. ಅಷ್ಟರಲ್ಲಿ ನೌಕರಿಯೂ ಆಸ್ತಿಯೂ ಕೈಬದಲಾಗಬಹುದು.

ಮಾಲೀಕರ ಹೊಣೆ

ಇದೇ ಆದೇಶ ನಾಳೆ ತಮ್ಮ ನೌಕರನ ಸಂಬಂಧವಾಗಿ ತಮ್ಮ ಕಚೇರಿಗೇ ಬರಬಹುದೆಂಬುದನ್ನು ವರ್ತಕರು ಮರೆಯಬಾರದು. ಖಾಸಗಿ ನೌಕರರ ವೇತನ ಜಪ್ತಿಗೆ 21ನೇ ಆದೇಶದ 48ಎ ನಿಯಮ ಅನ್ವಯಿಸುತ್ತದೆ. ಸಾಲ ಕೊಟ್ಟವರ ಪತ್ರ ಅಥವಾ ವಕೀಲರ ನೋಟೀಸು ಬಂದಿತೆಂದು ಈ ನಿಯಮದಡಿ ವೇತನ ಹಿಡಿಯುವಂತಿಲ್ಲ. ನ್ಯಾಯಾಲಯದ ಆದೇಶವೇ ಬೇಕು. ಆದೇಶ ತಲುಪಿದ ಮೇಲೆ ಅದರಲ್ಲಿ ಹೇಳಿದ ಮೊತ್ತವನ್ನು ಹಿಡಿದು ನ್ಯಾಯಾಲಯಕ್ಕೆ ಕಳುಹಿಸತಕ್ಕದ್ದು. ಹಿಂದಿನ ಜಪ್ತಿ ಇನ್ನೂ ತೀರದಿರುವಾಗ ಎರಡನೆಯ ಆದೇಶ ಬಂದರೆ, ಪೂರ್ಣ ವಿವರದೊಡನೆ ಅದನ್ನು ಹಿಂದಿರುಗಿಸಬೇಕು.

ಆದೇಶವನ್ನು ಕಡೆಗಣಿಸಿ ಪೂರ್ಣ ಸಂಬಳ ಬಟವಾಡೆ ಮಾಡಿದಲ್ಲಿ ಆ ಮೊತ್ತಕ್ಕೆ ಮಾಲೀಕನೇ ಹೊಣೆಯಾಗುತ್ತಾನೆ. ಆದೇಶ ತಲುಪಿದ ದಿನಾಂಕ, ಹಿಡಿದ ಮೊತ್ತ, ಕಳುಹಿಸಿದ ರಸೀದಿ ಇವು ಸಂಬಳದ ಪುಸ್ತಕದೊಡನೆ ಇದ್ದರೆ ಮುಂದೆ ಯಾವ ತಕರಾರಿಗೂ ಉತ್ತರ ಸಿದ್ಧವಿರುತ್ತದೆ.