ಔಷಧವನ್ನು ಹೊರುವ ಸಕ್ಕರೆಯ ಸರಪಣಿ

ರಕ್ತವನ್ನು ಸೇರಿದ ಔಷಧವು ರೋಗವಿರುವ ಅಂಗವನ್ನು ಅರಸಿಕೊಂಡು ಹೋಗುವುದಿಲ್ಲ. ರಕ್ತ ಹರಿದ ಕಡೆಗೆಲ್ಲ ಅದೂ ಹರಿಯುತ್ತದೆ. ಏಡಿಗಂತಿ, ಅಂದರೆ ಕ್ಯಾನ್ಸರ್ ರೋಗದ ಚಿಕಿತ್ಸೆಯಲ್ಲಿ ಇದೇ ದೊಡ್ಡ ತೊಡಕು. ಅಲ್ಲಿ ಬಳಸುವ ಔಷಧಗಳಲ್ಲಿ ಹಲವು, ಜೀವಕೋಶಗಳನ್ನೇ ಕೊಲ್ಲುವ ವಿಷಗಳು. ಡಾಕ್ಸೊರುಬಿಸಿನ್ ಎಂಬುದನ್ನು ನೋಡೋಣ. ಅದು ಗಂತಿಯ ಕೋಶಗಳನ್ನು ನಾಶಪಡಿಸುತ್ತದೆ. ಜೊತೆಗೆ ಹೃದಯದ ಸ್ನಾಯುವನ್ನೂ ಕೆಡಿಸಬಲ್ಲುದು. ಆದುದರಿಂದ ಒಬ್ಬ ರೋಗಿಗೆ ಒಟ್ಟಿನಲ್ಲಿ ಎಷ್ಟು ಕೊಡಬಹುದೆಂಬುದಕ್ಕೆ ಮಿತಿಯುಂಟು. ಔಷಧವನ್ನು ಗಂತಿಯಲ್ಲಿಯೇ ಹೆಚ್ಚಾಗಿ ನಿಲ್ಲಿಸುವ ಬಗೆ ಯಾವುದು?

ಇದು ಮೊದಲು ಗಾತ್ರದ ಪ್ರಶ್ನೆ. ಡಾಕ್ಸೊರುಬಿಸಿನ್ನಿನ ಅಣುತೂಕ ಸುಮಾರು 544. ಇಷ್ಟು ಚಿಕ್ಕ ಅಣುವು ಬಹುತೇಕ ಎಲ್ಲ ಅಂಗಗಳಲ್ಲಿಯೂ ಲೋಮನಾಳಗಳ ಗೋಡೆಯನ್ನು ದಾಟಿಬಿಡುತ್ತದೆ. ದೊಡ್ಡ ಅಣುವಿಗೆ ಅದು ಸುಲಭವಲ್ಲ. ಆದರೆ ಗಂತಿಯೊಳಗೆ ಅವಸರದಲ್ಲಿ ಬೆಳೆದ ರಕ್ತನಾಳಗಳ ಗೋಡೆಯಲ್ಲಿ ಅಗಲವಾದ ಸಂದುಗಳಿರುತ್ತವೆ; ಒಳಹೊಕ್ಕ ಅಣುಗಳನ್ನು ಹೊರಗೊಯ್ಯುವ ದುಗ್ಧರಸನಾಳಗಳೂ ಅಲ್ಲಿ ಸಮರ್ಪಕವಾಗಿರುವುದಿಲ್ಲ. ಹೀಗೆ ದೊಡ್ಡ ಅಣುಗಳು ಗಂತಿಯಲ್ಲಿ ಶೇಖರವಾಗುವುದನ್ನು ಜಪಾನಿನ ಮಾತ್ಸುಮುರ ಮತ್ತು ಮಾಯೆದ ಎಂಬವರು 1986ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಹಾಗಾದರೆ ಚಿಕ್ಕ ಔಷಧವನ್ನು ದೊಡ್ಡ ಅಣುವೊಂದಕ್ಕೆ ಕಟ್ಟಿ ಕಳುಹಿಸಬಹುದಲ್ಲವೆ? ಅಂಥ ವಾಹನಗಳಲ್ಲೊಂದು ಡೆಕ್ಸ್ಟ್ರಾನ್. ಕೆಲವು ಬ್ಯಾಕ್ಟೀರಿಯಗಳು ಸಕ್ಕರೆಯ ದ್ರಾವಣದಲ್ಲಿ ಬೆಳೆಯುವಾಗ ಗ್ಲೂಕೋಸ್ ಘಟಕಗಳನ್ನು ಕೊಂಡಿಕೊಂಡಿಯಾಗಿ ಜೋಡಿಸಿ ಈ ಸರಪಣಿಯನ್ನು ತಯಾರಿಸುತ್ತವೆ. ಒಂದೊಂದು ಕೊಂಡಿಯ ತೂಕ 162. ಸರಪಣಿಯ ಅಣುತೂಕ 70,000 ಆದರೆ ಅದರಲ್ಲಿ ಸುಮಾರು 430 ಕೊಂಡಿಗಳಿರುವುವೆಂದು ನಾವೇ ಎಣಿಸಬಹುದು. ಇದು ನೀರಿನಲ್ಲಿ ಕರಗುತ್ತದೆ. ರಕ್ತ ನಷ್ಟವಾದವರಿಗೆ ರಕ್ತದ್ರವದ ಬದಲಾಗಿ ಇದನ್ನು ಕೊಡುವ ಕ್ರಮ 1940ರ ದಶಕದಲ್ಲಿಯೇ ಆರಂಭವಾಗಿತ್ತು.

ಇನ್ನು ಕಟ್ಟುವ ಗಂಟಿನ ವಿಚಾರ. ಅದು ರಕ್ತದಲ್ಲಿ ಬಿಚ್ಚಬಾರದು. ಕೋಶದೊಳಗೆ ಬಿಚ್ಚದೆ ಇರಲೂಬಾರದು. ರಕ್ತದ ಪಿಎಚ್ ಸುಮಾರು 7.4, ಕೋಶವು ತಾನು ನುಂಗಿದುದನ್ನು ಜೀರ್ಣಿಸುವ ಚೀಲಗಳಲ್ಲಿ ಸುಮಾರು 5. ಎಂದರೆ ಅಲ್ಲಿ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಸುಮಾರು 250 ಪಟ್ಟು ಹೆಚ್ಚು. ಆಮ್ಲದಲ್ಲಿ ಸಡಿಲವಾಗುವ ಬಂಧವನ್ನು ಆರಿಸಿಕೊಂಡರೆ ಈ ವ್ಯತ್ಯಾಸವೇ ಬೀಗದ ಕೈಯಾಗುತ್ತದೆ.

ಯೋಜನೆ ಸೊಗಸಾಗಿಯೇ ಇದ್ದಿತು. ಆದರೆ ಡೆಕ್ಸ್ಟ್ರಾನಿಗೆ ಬಂಧಿಸಿದ ಡಾಕ್ಸೊರುಬಿಸಿನ್ನನ್ನು ರೋಗಿಗಳಿಗೆ ಕೊಟ್ಟು ನೋಡಿದ ವರದಿ 1993ರಲ್ಲಿ ಪ್ರಕಟವಾದಾಗ ಬೇರೊಂದು ಸಂಗತಿ ಬೆಳಕಿಗೆ ಬಂದಿತು. ರೋಗಿಗಳ ಯಕೃತ್ತಿಗೆ ಪೆಟ್ಟುಬಿದ್ದಿತ್ತು. ರಕ್ತದ ಕಿರುಬಿಲ್ಲೆಗಳೂ ಕಡಿಮೆಯಾಗಿದ್ದುವು. ಯಕೃತ್ತಿನಲ್ಲಿ ರಕ್ತವನ್ನು ಶೋಧಿಸುವ ಭಕ್ಷಕಕೋಶಗಳು ಡೆಕ್ಸ್ಟ್ರಾನನ್ನು ಹಿಡಿದು ನುಂಗುವುದೇ ಇದಕ್ಕೆ ಕಾರಣವೆಂದು ಸಂಶೋಧಕರು ಊಹಿಸಿದರು. ಹೃದಯವನ್ನು ಕಾಪಾಡಲು ಹೂಡಿದ ಬಂಡಿ ಯಕೃತ್ತಿನ ಬಾಗಿಲಲ್ಲಿ ನಿಂತಿತ್ತು!

ಈ ಪರೀಕ್ಷೆ ಕಲಿಸಿದ ಪಾಠ ಸಣ್ಣದಲ್ಲ. ವಾಹನವೆಂಬುದು ಬರಿಯ ಹೊರೆಯಾಳಲ್ಲ. ದೇಹವು ಅದನ್ನೂ ಗುರುತಿಸುತ್ತದೆ. ಮುಂದೆ ಸಂಶೋಧಕರು ಸರಪಣಿಗೆ ಕಾರ್ಬಾಕ್ಸಿಮೀಥೈಲ್ ಗುಂಪುಗಳನ್ನು ಸೇರಿಸಿ ಅದರ ಸ್ವಭಾವವನ್ನೇ ಬದಲಿಸಿ ನೋಡಿದರು. ಮಾನವರ ಗಂತಿಗಳೆಲ್ಲವೂ ಒಂದೇ ತೆರನಾಗಿ ಸೋರುವುದಿಲ್ಲವೆಂಬುದೂ ಈಗ ತಿಳಿದಿದೆ. ಔಷಧವನ್ನು ಕಂಡುಹಿಡಿಯುವುದು ಕೆಲಸದ ಅರ್ಧಭಾಗ. ಅದಕ್ಕೆ ದಾರಿಯನ್ನು ಹಾಕಿಕೊಡುವುದು ಉಳಿದರ್ಧ. ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ ಮೂರನ್ನೂ ಕಲಿತ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.