ಗಣಕಯಂತ್ರದ ಕಿರ್ದಿಯನ್ನು ಪುಟಪುಟವಾಗಿ ಓದುವ ಬಗೆ

ತೆಲಿಗಿಯ ರೈತನೊಬ್ಬನು ತನ್ನ ಹೊಲದ ಪಹಣಿಯನ್ನು ಪಡೆಯುವಾಗ ಆ ಹಾಳೆಯ ಹಿಂದೆ ದುಡಿಯುವ ಗಣಕಯಂತ್ರಗಳನ್ನು ನೆನೆಯುವುದು ಅಪರೂಪ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪುಸ್ತಕವನ್ನು ಯಾರು ತಿದ್ದಿದರೆಂದು ಹೇಳುವುದು ಕಷ್ಟವಾಗಿತ್ತು. ಭೂಮಿಯಲ್ಲಾದರೋ ಅಧಿಕಾರಿಯು ಬೆರಳಚ್ಚನ್ನು ಒತ್ತಿಯೇ ಒಳಹೊಗಬೇಕೆಂಬ ಏರ್ಪಾಡಾಯಿತು. ಯಾರು, ಯಾವಾಗ, ಏನು ಮಾಡಿದರೆಂಬುದನ್ನು ಯಂತ್ರವೇ ಬರೆದಿಡುವ ಇಂಥ ಕಿರ್ದಿಗೆ ‘ಲಾಗ್’ ಎಂದು ಹೆಸರು.

ಭಾರತದ ಗಣಕಯಂತ್ರ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು ಲಾಗುಗಳನ್ನು 180 ದಿನಗಳ ಕಾಲ ಉಳಿಸಿಡಬೇಕೆಂದೂ, ಅಕ್ರಮ ಪ್ರವೇಶವೇ ಮೊದಲಾದ ಘಟನೆಗಳನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ವಿಧಿಸಿತು. ಆದುದರಿಂದ ಕಿರ್ದಿಯನ್ನು ಬರೆದಿಟ್ಟರೆ ಸಾಲದು. ಬೇಗನೆ, ತಪ್ಪಿಲ್ಲದೆ ಓದಲೂ ಬರಬೇಕು. ಇಂದು ಈ ಓದುವ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯ ಏಜೆಂಟನ್ನೂ ನೇಮಿಸುವುದುಂಟು.

‘ನಿನ್ನೆ ರಾತ್ರಿ ತಪ್ಪು ಗುಪ್ತಪದ ಕೊಟ್ಟವರು ಯಾರು?’ ಎಂದು ಕೇಳಿದರೆ ಲಕ್ಷ ಸಾಲುಗಳ ಉತ್ತರ ಬರಬಹುದು. ಅಷ್ಟನ್ನೂ ಒಮ್ಮೆಗೇ ಕಳುಹಿಸಿದರೆ ಕೊಡುವ ಯಂತ್ರಕ್ಕೂ ಪಡೆಯುವ ಯಂತ್ರಕ್ಕೂ ಭಾರ. ಆದಕಾರಣ ಉತ್ತರವನ್ನು ಪುಟಗಳಾಗಿ ಕತ್ತರಿಸಿ ಕೊಡುತ್ತಾರೆ. ಅಮೆಜಾನ್ ಸಂಸ್ಥೆಯ ಕ್ಲೌಡ್‌ಟ್ರೈಲ್ ಸೇವೆಯಲ್ಲಿ ಹಿಂದಿನ 90 ದಿನಗಳ ಘಟನೆಗಳನ್ನು ಹುಡುಕುವಾಗ ಒಂದು ಪುಟಕ್ಕೆ ಹೆಚ್ಚೆಂದರೆ 50 ಘಟನೆಗಳು. ಸೆಕೆಂಡಿಗೆ ಎರಡು ಪುಟಗಳು. ಈ ಗತಿಯಲ್ಲಿ 1,00,000 ಘಟನೆಗಳಿಗೆ 2,000 ಪುಟಗಳೂ 1,000 ಸೆಕೆಂಡುಗಳೂ, ಅಂದರೆ ಸುಮಾರು 17 ನಿಮಿಷಗಳೂ ಬೇಕೆಂದು ಓದುಗರೇ ಲೆಕ್ಕ ಹಾಕಬಹುದು.

ಪುಟ ತಿರುವಲು ಎರಡು ಮಾರ್ಗಗಳಿವೆ. ‘ಮೊದಲ 100 ಸಾಲುಗಳನ್ನು ಬಿಟ್ಟು ಮುಂದಿನ 100ನ್ನು ಕೊಡು’ ಎಂದು ಎಣಿಸಿ ಕೇಳುವುದು ಒಂದು. ಇದು ಸರಳವಾಗಿ ತೋರುತ್ತದೆ; ಆದರೆ ನಮ್ಮ ಕಿರ್ದಿ ನಿಂತ ನೀರಲ್ಲ. ಹಳೆಯದು ಮೊದಲು ಬರುವ ಕ್ರಮದಲ್ಲಿ ಓದುತ್ತಿದ್ದೇವೆ ಎಂದು ಭಾವಿಸೋಣ. ನಾವು ಮೊದಲ ಪುಟವನ್ನು ಮುಗಿಸುವಷ್ಟರಲ್ಲಿ ಅವಧಿ ತೀರಿದ 7 ಸಾಲುಗಳು ಅಳಿಸಿಹೋದರೆ, 101ನೆಯ ಸ್ಥಾನದಲ್ಲಿ ಈಗ ಮೊದಲಿನ 108ನೆಯ ಸಾಲು ನಿಂತಿರುತ್ತದೆ. ನಡುವಿನ 7 ಸಾಲುಗಳು ಯಾರ ಕಣ್ಣಿಗೂ ಬೀಳವು. ಹೊಸದು ಮೊದಲು ಬರುವ ಕ್ರಮದಲ್ಲಾದರೆ ಆ ನಡುವೆ ಸೇರಿದ ಹೊಸ ಸಾಲುಗಳಷ್ಟೇ ಹಳೆಯವು ಎರಡನೆಯ ಸಲ ಎಣಿಕೆಗೆ ಬರುತ್ತವೆ.

ಎರಡನೆಯದು ಟೋಕನ್ನಿನ ಮಾರ್ಗ. ಯಂತ್ರವು ಪ್ರತಿ ಪುಟದೊಡನೆ ಓದು ಎಲ್ಲಿಗೆ ನಿಂತಿತೆಂಬ ಗುರುತನ್ನು ಕೊಡುತ್ತದೆ. ಅದನ್ನು ಹಾಗೆಯೇ ಹಿಂದಿರುಗಿಸಿದರೆ ಅಲ್ಲಿಂದ ಮುಂದಿನದು ದೊರೆಯುತ್ತದೆ. ಇಲ್ಲಿ ಎಣಿಕೆಯಿಲ್ಲ, ಸ್ಥಾನವಿದೆ. ಸ್ಥಾನವನ್ನು ಕೇವಲ ವೇಳೆಯಿಂದ ಸೂಚಿಸಿದರೆ ಒಂದೇ ಕ್ಷಣದಲ್ಲಿ ನಡೆದ ಎರಡು ಘಟನೆಗಳಲ್ಲಿ ಒಂದು ಜಾರಿಹೋಗಬಹುದು; ಆದ್ದರಿಂದ ವೇಳೆಯೊಡನೆ ಕ್ರಮಸಂಖ್ಯೆಯೂ ಇರಬೇಕು.

ಏಜೆಂಟನ್ನು ಈ ಕೆಲಸಕ್ಕೆ ಹಚ್ಚುವವರು ಕೆಲವು ನಿಯಮಗಳನ್ನು ವಿಧಿಸಬೇಕು. ಮೊದಲನೆಯದಾಗಿ, ಹುಡುಕುವ ಕಾಲದ ಆದಿ ಅಂತ್ಯಗಳನ್ನು ಗೊತ್ತುಪಡಿಸಬೇಕು; ಹಾಗೆ ಮಾಡದಿದ್ದರೆ ಓದಿದಂತೆಲ್ಲ ಕಿರ್ದಿ ಬೆಳೆಯುತ್ತಲೇ ಇರುತ್ತದೆ. ಎರಡನೆಯದಾಗಿ, ಪುಟ ಖಾಲಿಯಾಗಿ ಬಂದಿತೆಂದು ನಿಲ್ಲಬಾರದು. ಕೆಲವು ಸೇವೆಗಳಲ್ಲಿ ಖಾಲಿ ಪುಟದೊಡನೆಯೂ ಟೋಕನ್ ಬರುವುದುಂಟು. ಸಾಮಾನ್ಯವಾಗಿ ಟೋಕನ್ ಬಾರದಿರುವುದೇ ಕೊನೆಯ ಗುರುತು. ಮೂರನೆಯದಾಗಿ, ಏಜೆಂಟು ಒಮ್ಮೆಗೆ ಮನಸ್ಸಿನಲ್ಲಿ ಇರಿಸಿಕೊಳ್ಳಬಲ್ಲ ಬರಹಕ್ಕೆ ಮಿತಿಯುಂಟು; ಎಣಿಕೆಯನ್ನು ಲಾಗ್ ಇರುವಲ್ಲಿಯೇ ಮಾಡಿಸಿ, ಸಂಶಯಾಸ್ಪದವಾದ ಸಾಲುಗಳನ್ನು ಮಾತ್ರ ತರಿಸಿಕೊಳ್ಳುವುದು ಲೇಸು. ನಾಲ್ಕನೆಯದಾಗಿ, ಲಾಗಿನಲ್ಲಿರುವ ಮಾತುಗಳನ್ನು ಆಜ್ಞೆಯೆಂದು ಬಗೆಯಬಾರದು. ಒಳನುಗ್ಗಲು ಯತ್ನಿಸುವವನು ಹೆಸರಿನ ಜಾಗದಲ್ಲಿಯೇ ‘ಇಲ್ಲಿಗೆ ಓದುವುದನ್ನು ನಿಲ್ಲಿಸು’ ಎಂದು ಬರೆದಿರಬಹುದಲ್ಲವೇ?

ಇವೆಲ್ಲಕ್ಕೂ ಮಿಗಿಲಾದದ್ದು ಕೊನೆಯ ನಿಯಮ: ಎಷ್ಟು ಪುಟ ಓದಿದೆ, ಕೊನೆಯನ್ನು ಮುಟ್ಟಿದೆನೋ ಇಲ್ಲವೋ ಎಂಬುದನ್ನು ಏಜೆಂಟು ಉತ್ತರದೊಡನೆ ಹೇಳಲೇಬೇಕು. ವಿಕಿರಣವನ್ನು ಅಳೆಯುವಾಗ ಗೈಗರ್ ಎಣಿಕೆಯಂತ್ರವು ಸುಮ್ಮನಿದ್ದರೆ, ಅದನ್ನು ಎಷ್ಟು ಹೊತ್ತು ನಡೆಸಲಾಯಿತೆಂದು ನಾವು ಮೊದಲು ವಿಚಾರಿಸುತ್ತೇವೆ. ಒಂದು ಕ್ಷಣದ ಮೌನದಿಂದ ವಿಕಿರಣವಿಲ್ಲವೆಂದು ಸಾಧಿಸಲಾಗದು. ಅಂತೆಯೇ 2,000 ಪುಟಗಳಲ್ಲಿ ಒಂದನ್ನು ಓದಿ ‘ಅಕ್ರಮವೇನೂ ಇಲ್ಲ’ ಎಂದರೆ ಅದು ಉತ್ತರವಲ್ಲ. ‘ಕಾಣಲಿಲ್ಲ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ನಡುವೆ ಉಳಿದ 1,999 ಪುಟಗಳಿವೆ. ರೈತನೊಬ್ಬನ ಹೊಲದ ಮೇಲಿನ ಹೆಸರನ್ನು ಬದಲಿಸಿದ ಒಂದೇ ಒಂದು ಸಾಲು ಆ ಪುಟಗಳಲ್ಲಿಯೇ ಅಡಗಿರಬಹುದು.