ಮಂಡಿಪೇಟೆಯಿಂದ ಕುಂದವಾಡ ಕೆರೆಗೆ: ಮೊದಲ ಸೈಕಲ್ ಸವಾರಿ, ಹಂತ ಹಂತವಾಗಿ

ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟಿಯೇ ಇಲ್ಲ ಅನ್ನುವವರು ದಾವಣಗೆರೆಯಲ್ಲಿ ಬಹಳ ಜನ ಇದ್ದಾರೆ. ಮತ್ತೆ ಹತ್ತಬೇಕು ಅನ್ನುವ ಆಸೆ ಇರುತ್ತದೆ, ಎಲ್ಲಿಂದ ಶುರು ಮಾಡುವುದು ಗೊತ್ತಾಗುವುದಿಲ್ಲ. ಅವರಿಗೆಲ್ಲ ನಾನು ಹೇಳುವುದು ಕುಂದವಾಡ ಕೆರೆಯನ್ನೇ. ಮಂಡಿಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ. ನಮ್ಮದು ಬಯಲುಸೀಮೆ, ಏದುಸಿರು ಬರಿಸುವ ಏರು ದಾರಿಯಲ್ಲಿ ಸಿಗುವುದಿಲ್ಲ. ಹೋದ ಕಡೆ ನೀರು, ಗಾಳಿ, ಹಕ್ಕಿ ಎಲ್ಲ ಇವೆ.

ಕಷ್ಟ ಇರುವುದು ಒಂದೇ ಕಡೆ, ಪೇಟೆ ದಾಟುವ ಮೊದಲ ಹತ್ತು ನಿಮಿಷದಲ್ಲಿ. ಅದೊಂದು ಕಳೆದರೆ ಉಳಿದದ್ದು ಸಲೀಸು. ಭಯಪಡಬೇಡಿ, ಒಂದೊಂದಾಗಿ ನೋಡೋಣ.

ಹಂತ 1: ಸೈಕಲ್ ಆರಿಸಿಕೊಳ್ಳಿ

ಹೊಸದು ಕೊಳ್ಳಲು ಓಡಬೇಡಿ. ಮನೆಯಲ್ಲಿ ಮೂಲೆ ಹಿಡಿದಿರುವ ಹಳೆಯ ಸೈಕಲ್ ಸಾಕು. ಅದೂ ಇಲ್ಲದಿದ್ದರೆ ನೆಂಟರದ್ದೋ ಪಕ್ಕದ ಮನೆಯವರದ್ದೋ ಒಂದು ಬೆಳಗಿನ ಮಟ್ಟಿಗೆ ಕೇಳಿ. ಈ ದಾರಿಗೆ ಗೇರ್ ಬೇಕೇ ಬೇಕು ಅಂತಿಲ್ಲ. ಮೊದಲ ಸಲಕ್ಕಂತೂ ಗೇರ್ ಇಲ್ಲದ ಸಾದಾ ಸೈಕಲ್ಲೇ ವಾಸಿ, ಕೈಗೆ ಕೆಲಸ ಕಡಿಮೆ ಆಗಿ ಕಣ್ಣು ರಸ್ತೆಯ ಮೇಲೆ ಇರುತ್ತದೆ.

ಹಂತ 2: ಗಾಳಿ ತುಂಬಿಸಿ

ಎರಡೂ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಗಾಳಿ ಕಡಿಮೆ ಇದೆ. ಎಷ್ಟು ಬೇಕು ಅನ್ನುವುದು ಟೈರಿನ ಪಕ್ಕದಲ್ಲೇ ಪಿಎಸ್‌ಐ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಸಾದಾ ಸೈಕಲಿಗೆ ಕೈಪಂಪ್ ಇರುವ ಪಂಕ್ಚರ್ ಅಂಗಡಿಗೆ ಹೋಗಿ. ಗೇರ್ ಸೈಕಲುಗಳಲ್ಲಿ ಸಾಮಾನ್ಯವಾಗಿ ಬೈಕಿಗೆ ಇರುವಂಥದ್ದೇ ವಾಲ್ವ್ ಇರುತ್ತದೆ, ಪೆಟ್ರೋಲ್ ಬಂಕಿನಲ್ಲೂ ತುಂಬಿಸಬಹುದು.

ಎಚ್ಚರ: ಬಂಕಿನ ಗಾಳಿ ಬಹಳ ಜೋರು. ಎಷ್ಟು ಹಾಕಬೇಕು ಅಂತ ಮೊದಲೇ ಬಾಯಿ ಬಿಟ್ಟು ಹೇಳಿ, ಇಲ್ಲದಿದ್ದರೆ ಟ್ಯೂಬ್ ಸಿಡಿಯಬಹುದು.

ಹಂತ 3: ಸೀಟಿನ ಎತ್ತರ ಹೊಂದಿಸಿ

ಸೀಟಿನ ಕಂಬದ ಬುಡದಲ್ಲಿ ಒಂದು ಬೋಲ್ಟ್ ಇರುತ್ತದೆ, ಅದಕ್ಕೆ ಸ್ಪ್ಯಾನರ್ ಅಥವಾ ಅಲೆನ್ ಕೀ ಬೇಕು. ಕೆಲವು ಸೈಕಲುಗಳಲ್ಲಿ ಕೈಯಲ್ಲೇ ತೆಗೆಯುವ ಕ್ವಿಕ್ ರಿಲೀಸ್ ಹಿಡಿ ಇರುತ್ತದೆ. ಸಡಿಲಿಸಿ, ಗೋಡೆ ಹಿಡಿದು ಸೀಟಿನ ಮೇಲೆ ಕೂರಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅದು ಸರಿಯಾದ ಎತ್ತರ. ಆದರೆ ನೀವು ಈಗಷ್ಟೇ ಶುರು ಮಾಡುತ್ತಿದ್ದೀರಿ. ಅದಕ್ಕಿಂತ ಸ್ವಲ್ಪ ತಗ್ಗಿಸಿ, ಕೂತಲ್ಲಿಂದಲೇ ಎರಡೂ ಪಾದದ ತುದಿ ನೆಲಕ್ಕೆ ತಾಗಲಿ. ಧೈರ್ಯ ಬಂದ ಮೇಲೆ ಏರಿಸಿಕೊಳ್ಳಬಹುದು. ಕೊನೆಗೆ ಬೋಲ್ಟ್ ಬಿಗಿ ಮಾಡಿ, ಸೀಟನ್ನು ಕೈಯಿಂದ ತಿರುಗಿಸಿ ನೋಡಿ. ಅಲುಗಾಡಬಾರದು.

ಹಂತ 4: ಬ್ರೇಕ್ ಪರೀಕ್ಷಿಸಿ

ಸೈಕಲನ್ನು ತಳ್ಳುತ್ತಾ ಒಂದೊಂದೇ ಬ್ರೇಕ್ ಹಿಡಿಯಿರಿ. ಯಾವ ಕೈಯದು ಮುಂದಿನ ಚಕ್ರಕ್ಕೆ, ಯಾವುದು ಹಿಂದಿನದಕ್ಕೆ ಅಂತ ತಲೆಯಲ್ಲಿ ಕೂರಿಸಿಕೊಳ್ಳಿ. ನಿಲ್ಲಿಸುವಾಗ ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತಿ. ಹೊಸಬರು ಎಡವುವುದೇ ಇಲ್ಲಿ: ಗಾಬರಿಯಲ್ಲಿ ಮುಂದಿನ ಬ್ರೇಕ್ ಒಂದನ್ನೇ ಗಟ್ಟಿಯಾಗಿ ಹಿಡಿದುಬಿಡುತ್ತಾರೆ, ಹಿಂದಿನ ಚಕ್ರ ಮೇಲೇಳುತ್ತದೆ.

ಹಂತ 5: ಹಿಂದಿನ ದಿನ ಸಂಜೆ ದಾರಿ ನೋಡಿ ಬನ್ನಿ

ಸ್ಕೂಟರಿನಲ್ಲೋ ಆಟೋದಲ್ಲೋ ಒಮ್ಮೆ ಕೆರೆಯವರೆಗೆ ಹೋಗಿಬನ್ನಿ. ಪಿ.ಬಿ. ರಸ್ತೆ ಬಿಟ್ಟು ಕುಂದವಾಡದ ಕಡೆಗೆ ಎಲ್ಲಿ ತಿರುಗಬೇಕು, ಗುಂಡಿ ಎಲ್ಲಿದೆ, ಹಂಪ್ ಎಲ್ಲಿದೆ, ನಾಯಿಗಳ ಗುಂಪು ಎಲ್ಲಿ ಕೂರುತ್ತದೆ ಎಲ್ಲ ನೋಡಿಕೊಳ್ಳಿ. ಇದು ದಂಡದ ಕೆಲಸ ಅನ್ನಿಸಬಹುದು. ಆದರೆ ಬೆಳಿಗ್ಗೆ ಸೈಕಲ್ ಮೇಲೆ ಕೂತು ಮೊಬೈಲಿನ ನಕ್ಷೆ ನೋಡುವ ಗೋಜು ಇದರಿಂದ ತಪ್ಪುತ್ತದೆ.

ಹಂತ 6: ಬಟ್ಟೆ, ನೀರು, ಹೆಲ್ಮೆಟ್

ಪ್ಯಾಂಟಿನ ಬಲಗಾಲನ್ನು ಮಡಚಿ ಕ್ಲಿಪ್ ಹಾಕಿ, ಚೈನ್ ಇರುವುದು ಆ ಕಡೆಗೇ. ದುಪಟ್ಟಾ ಹಾಕುವವರು ಅದರ ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ, ಚಕ್ರಕ್ಕೆ ಸಿಕ್ಕಿದರೆ ಅಪಾಯ. ಒಂದು ಬಾಟಲಿ ನೀರು ಇರಲಿ. ತಲೆಗೆ ಸೈಕಲ್ ಹೆಲ್ಮೆಟ್ ಇರಲಿ. ಹತ್ತಿರವೇ ತಾನೇ ಅಂತ ಬಿಟ್ಟು ಹೋಗಬೇಡಿ.

ಹಂತ 7: ಆರು ಗಂಟೆಗೆ ಮನೆ ಬಿಡಿ

ಇದೇ ಎಲ್ಲಕ್ಕಿಂತ ಮುಖ್ಯ. ಮಂಡಿಪೇಟೆ ಎದ್ದ ಮೇಲೆ ಅಲ್ಲಿ ಸೈಕಲ್ ಕಲಿಯುವುದು ಆಗದ ಮಾತು. ಅಂಗಡಿಗಳ ಮುಂದೆ ಲಾರಿ ನಿಂತು ಮೂಟೆ ಇಳಿಯುತ್ತಿರುತ್ತವೆ, ಹಮಾಲರು ಬೆನ್ನ ಮೇಲೆ ಭಾರ ಹೊತ್ತು ಅಡ್ಡ ದಾಟುತ್ತಾರೆ, ಆಟೋ, ತಳ್ಳುಗಾಡಿ, ಬೈಕು ಎಲ್ಲಕ್ಕೂ ಅದೇ ರಸ್ತೆ. ಭಾರ ಹೊತ್ತವರಿಗೆ ಪಕ್ಕನೆ ಸರಿಯಲು ಆಗುವುದಿಲ್ಲ, ಹೊಸಬರಾದ ನಿಮಗೂ ಆಗುವುದಿಲ್ಲ. ಬೆಳಿಗ್ಗೆ ಆರರ ಹೊತ್ತಿಗೆ ಶಟರ್‌ಗಳು ಮುಚ್ಚಿರುತ್ತವೆ, ಚಳಿಗಾಲ ಬಿಟ್ಟರೆ ಬೆಳಕೂ ಬಿಟ್ಟಿರುತ್ತದೆ. ಬೇಸಿಗೆಯಲ್ಲಂತೂ ಏಳೂವರೆ ದಾಟಿದರೆ ಬಿಸಿಲು ನೆತ್ತಿ ಸುಡಲು ಶುರುವಾಗುತ್ತದೆ.

ಹಂತ 8: ಪೇಟೆಯೊಳಗೆ ತಳ್ಳಿಕೊಂಡು ನಡೆಯಿರಿ

ಹೌದು, ಹತ್ತಬೇಡಿ. ಸೈಕಲ್ ನಿಮ್ಮ ಬಲಗಡೆ ಇರಲಿ, ನೀವು ಅದರ ಎಡಕ್ಕೆ ನಿಂತು ತಳ್ಳಿ. ಮಂಡಿಪೇಟೆಯ ಗಲ್ಲಿಗಳನ್ನು ಹೀಗೇ ದಾಟಿ ಪಿ.ಬಿ. ರಸ್ತೆಗೆ ಬನ್ನಿ. ಯಾರಾದರೂ ನೋಡಿ ನಕ್ಕರೆ ನಗಲಿ. ತಳ್ಳುವಾಗ ಸೈಕಲಿನ ತೂಕ, ಅದು ವಾಲುವ ರೀತಿ ಕೈಗೆ ಪರಿಚಯ ಆಗುತ್ತದೆ.

ನಿಮ್ಮ ದಾರಿಗೆ ರೈಲ್ವೆ ಹಳಿ ಅಡ್ಡ ಬಂದರೆ ಅಲ್ಲೂ ಇಳಿದೇ ದಾಟಿ. ಸವಾರಿ ರೂಢಿಯಾದ ಮೇಲೂ ಹಳಿಯನ್ನು ಓರೆಯಾಗಿ ದಾಟಬೇಡಿ, ಚಕ್ರ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನೇರವಾಗಿ ಅಡ್ಡ ದಾಟಬೇಕು.

ಹಂತ 9: ಪಿ.ಬಿ. ರಸ್ತೆಯಲ್ಲಿ ಹತ್ತಿ

ಗಾಂಧಿ ವೃತ್ತ ದಾಟಿದ ಮೇಲೆ ಹರಿಹರದ ಕಡೆಗೆ ಮುಖ ಮಾಡಿ, ರಸ್ತೆಯ ಎಡಗಡೆ ನಿಲ್ಲಿ. ಒಂದು ಪೆಡಲನ್ನು ಮೇಲಕ್ಕೆ ತಂದು ಅದರ ಮೇಲೆ ಪಾದ ಇಡಿ. ಹಿಂದೆ ತಿರುಗಿ ನೋಡಿ. ರಸ್ತೆ ಖಾಲಿ ಇದ್ದರೆ ಪೆಡಲ್ ಒತ್ತಿ. ಮೊದಲ ಎರಡು ಮೂರು ತುಳಿತ ಹ್ಯಾಂಡಲ್ ಅತ್ತಿತ್ತ ಆಡುತ್ತದೆ, ಭಯಪಡಬೇಡಿ, ವೇಗ ಬಂದ ಕೂಡಲೇ ನೆಟ್ಟಗಾಗುತ್ತದೆ. ಮುಂದಿನ ಚಕ್ರವನ್ನೇ ನೋಡಬೇಡಿ, ಹತ್ತು ಹದಿನೈದು ಅಡಿ ಆಚೆ ನೋಡಿ.

ಬಸ್ ನಿಂತಿದ್ದರೆ ಅದರ ಎಡಗಡೆ ತೂರಬೇಡಿ, ಅಲ್ಲಿ ಜನ ಇಳಿಯುತ್ತಿರುತ್ತಾರೆ. ಅದು ಹೊರಡುವವರೆಗೆ ಹಿಂದೆ ಕಾಯಿರಿ. ಎಲ್ಲೇ ಬಲಕ್ಕೆ ತಿರುಗಬೇಕಾದರೂ ಸದ್ಯಕ್ಕೆ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟಿ.

ಎಚ್ಚರ: ಕೆರೆಯ ಹತ್ತಿರವೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಅದರ ಮೇಲಕ್ಕೆ ಸೈಕಲ್ ಹತ್ತಿಸಲೇಬೇಡಿ. ದಾರಿ ತಪ್ಪಿ ಆ ಕಡೆ ಬಂದುಬಿಟ್ಟರೆ ಸರ್ವಿಸ್ ರಸ್ತೆಯಲ್ಲೇ ಇರಿ.

ಹಂತ 10: ಕೆರೆಯ ಹತ್ತಿರ ಇಳಿಯಿರಿ

ಗೇಟಿನ ಬಳಿ ನಿಂತು, ವಾಕಿಂಗ್ ದಾರಿಯಲ್ಲಿ ಸೈಕಲ್ ಬಿಡುತ್ತಾರಾ ಅಂತ ಕಾವಲಿನವರನ್ನು ಕೇಳಿ. ಬಿಡುವುದಿಲ್ಲ ಅಂದರೆ ವಾದ ಬೇಡ. ಬೀಗ ಹಾಕಿ ಏರಿಯ ಮೇಲೆ ನಡೆಯಿರಿ, ಕೂತು ಬಂದ ಸೊಂಟಕ್ಕೆ ಅದೂ ಒಳ್ಳೆಯದೇ. ಬಿಟ್ಟರೆ, ಬೆಳಗಿನ ಹೊತ್ತು ಅಲ್ಲಿ ವಯಸ್ಸಾದವರು ಬಹಳ ಜನ ನಡೆಯುತ್ತಿರುತ್ತಾರೆ ಅನ್ನುವುದು ನೆನಪಿರಲಿ. ದೂರದಿಂದಲೇ ಒಮ್ಮೆ ಬೆಲ್ ಮಾಡಿ, ಬೆನ್ನ ಹಿಂದೆ ಬಂದು ಬಾರಿಸಬೇಡಿ. ನೀರಿನ ಅಂಚಿಗೆ ಹೋಗಬೇಡಿ.

ಇಲ್ಲಿ ಸ್ವಲ್ಪ ಹೊತ್ತು ಕೂರಿ. ಎದುರಿಗಿರುವುದು ಬರೀ ನೋಟದ ನೀರಲ್ಲ. ಭದ್ರಾ ನಾಲೆಯಿಂದ ಬಂದು ತುಂಬಿಕೊಳ್ಳುವ ಈ ನೀರು ದಾವಣಗೆರೆಯ ನಲ್ಲಿಗಳಿಗೆ ಹೋಗುತ್ತದೆ. ಊರಿಗೆ ಇನ್ನೊಂದು ಆಸರೆ ಹರಿಹರದ ಹತ್ತಿರ ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರು. ನಾಲೆ ನಿಂತ ತಿಂಗಳುಗಳಲ್ಲಿ ಇಲ್ಲಿ ಕೂಡಿಟ್ಟದ್ದನ್ನೇ ನಾವು ಕುಡಿಯುತ್ತೇವೆ. ಸೈಕಲಿನಲ್ಲಿ ವಾರಕ್ಕೊಮ್ಮೆ ಬರುವವರಿಗೆ ನೀರು ಎಷ್ಟು ಇಳಿದಿದೆ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ. ಇದು ನನಗೆ ಈ ದಾರಿಯಲ್ಲಿ ಎಲ್ಲಕ್ಕಿಂತ ಇಷ್ಟದ ವಿಷಯ. ಬಿಸ್ಕತ್ತಿನ ಕವರ್, ನೀರಿನ ಬಾಟಲಿ ಏನೇ ಇದ್ದರೂ ವಾಪಸ್ ತನ್ನಿ, ಸೈಕಲನ್ನು ಕೆರೆಯಲ್ಲಿ ತೊಳೆಯಬೇಡಿ. ಸಮಯ ಇದ್ದರೆ ಕೆರೆಯ ಬಳಿಯ ಗಾಜಿನ ಮನೆಯನ್ನೂ ನೋಡಬಹುದು, ಆದರೆ ಅಷ್ಟು ಬೇಗ ಬಾಗಿಲು ತೆರೆದಿರುವುದಿಲ್ಲ.

ಹಂತ 11: ವಾಪಸ್ ಹೊರಡಿ

ಪೂರ್ತಿ ಸುಸ್ತಾಗುವವರೆಗೆ ಕಾಯಬೇಡಿ, ಬಂದಷ್ಟೇ ದಾರಿ ವಾಪಸ್ಸೂ ಇದೆ. ಮುಂಗಾರಿನ ದಿನಗಳಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಹೋಗುವಾಗ ಎದೆಗೆ ಹೊಡೆದ ಆ ಗಾಳಿ ಬರುವಾಗ ಬೆನ್ನಿಗೆ ಸಿಗುತ್ತದೆ. ಈ ದಾರಿಯನ್ನು ನಾನು ಹೊಸಬರಿಗೆ ಹೇಳುವುದಕ್ಕೆ ಅದೂ ಒಂದು ಕಾರಣ. ಗಾಂಧಿ ವೃತ್ತ ಬರುವ ಹೊತ್ತಿಗೆ ಊರು ಎದ್ದಿರುತ್ತದೆ, ಆದ್ದರಿಂದ ಅಲ್ಲಿ ಮತ್ತೆ ಇಳಿದು ತಳ್ಳಿ. ಬೆಣ್ಣೆ ದೋಸೆ ತಿನ್ನುವುದಿದ್ದರೆ ಈಗ ತಿನ್ನಿ, ಹೊರಡುವ ಮೊದಲು ಬೇಡ.

ಹಂತ 12: ಮರುದಿನ ಬಿಡುವು ಕೊಡಿ

ತೊಡೆ, ಕೂರುವ ಜಾಗ ನೋಯುವುದು ಸಹಜ, ಒಂದೆರಡು ದಿನದಲ್ಲಿ ಹೋಗುತ್ತದೆ. ಮಂಡಿ ನೋವು ಮಾತ್ರ ಸಹಜ ಅಂತ ಬಿಡಬೇಡಿ. ಸೀಟು ತೀರಾ ತಗ್ಗಾಗಿದ್ದರೆ ಹಾಗಾಗುತ್ತದೆ, ಒಂದು ಬೆರಳಿನಷ್ಟು ಏರಿಸಿ ನೋಡಿ. ಚೈನನ್ನು ಒಣ ಬಟ್ಟೆಯಲ್ಲಿ ಒರೆಸಿ ಎರಡು ಹನಿ ಎಣ್ಣೆ ಬಿಡಿ.

ಕುಂದವಾಡ ರೂಢಿಯಾದ ಮೇಲೆ ಅದೇ ಹರಿಹರದ ದಾರಿಯಲ್ಲಿ ಇನ್ನೊಂದಿಷ್ಟು ಮುಂದೆ ಹೋದರೆ ಬಾತಿ ಕೆರೆ ಇದೆ. ಅದಕ್ಕೂ ಆಚೆಗೆ ಮನಸ್ಸಾದರೆ ಹರಿಹರ ತಾಲ್ಲೂಕಿನ ಕೊಂಡಜ್ಜಿ. ಗುಡ್ಡಗಳ ನಡುವಿನ ಕೆರೆ, ಪಕ್ಕದಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ. ಅಲ್ಲಿಗೆ ಮಾತ್ರ ಒಬ್ಬರೇ ಹೋಗಬೇಡಿ, ಪಂಕ್ಚರ್ ಹಾಕಲು ಬಲ್ಲ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ನೀರಿನ ಬಾಟಲಿ ಎರಡು ಇರಲಿ.